ಕೆಂಪು ಬಾರ್ಡರ್

ರೇವಣಸಿದ್ದ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಇದರ ಮೇಲೂ ಒಂದು ವಿಡಿಯೋ ಮಾಡುತ್ತೀಯ.

ಆಫೀಸಿಗೆ ಹೊಸದಾಗಿ ಸೇರಿದ ವೇಣಿ ಮಾಡಿದ ವೆಬ್ ಪೇಜ್ ಇವತ್ತು ಮೊಬೈಲಿನಲ್ಲಿ ಪಕ್ಕಕ್ಕೆ ಜಾರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಪೇಜಿನ ಎಲ್ಲ ಬಾಕ್ಸುಗಳಿಗೂ ಕೆಂಪು ಬಾರ್ಡರ್ ಹಾಕಿ, ಪರದೆಯಿಂದ ಹೊರಗೆ ಚಾಚಿಕೊಂಡಿದ್ದ ಬಾಕ್ಸನ್ನು ಹಿಡಿದುಬಿಟ್ಟಳು. ನಾವಿಬ್ಬರೂ ಇದ್ದ ಹೆಬ್ಬಗೋಡಿಯ ರೂಮಿನಲ್ಲಿ ನಾನು ನಿನಗೆ ಕಲಿಸಿದ ಉಪಾಯ ಅದು.

"ಯಾರಮ್ಮ ಹೇಳ್ಕೊಟ್ಟಿದ್ದು?"

"ಯೂಟ್ಯೂಬಲ್ಲಿ ರೇವಣಸಿದ್ದ ಅಂತ ಸಾರ್. ಕನ್ನಡದಲ್ಲಿ ಸಕ್ಕತ್ತಾಗಿ ಹೇಳ್ತಾರೆ."

ಆ ನಿನ್ನ ವಿಡಿಯೋವನ್ನು ಅರವತ್ತು ಸಾವಿರ ಜನ ನೋಡಿದ್ದಾರೆ. ಹತ್ತು ವರ್ಷದ ಸರ್ವೀಸಿನಲ್ಲಿ ನಾನು ಕಲಿಸಿದ್ದು ಐದು ಜನರಿಗೆ, ನಿನ್ನನ್ನೂ ಸೇರಿಸಿ. ಹೊಟ್ಟೆ ಉರಿಯಿತು. ಜೊತೆಯಲ್ಲಿ ವಿಡಿಯೋ ಮಾಡೋಣ ಎಂದು ನೀನು ಕರೆದಾಗ, "ಕನ್ನಡದಲ್ಲಿ ಕೋಡಿಂಗ್ ಯಾವನೋ ಕಲೀತಾನೆ?" ಎಂದು ನಕ್ಕವನು ನಾನೇ. ಆದರೂ ಆ ಉಪಾಯ ನನ್ನದು ಎಂದು ಅವಳಿಗೆ ಹೇಳಿಯೇಬಿಡಬೇಕೆಂದುಕೊಂಡೆ.

ಅಷ್ಟರಲ್ಲಿ ಅವಳೇ ಕೇಳಿದಳು: "'ಇದು ನಮ್ಮ ರಾಜೇಂದ್ರಣ್ಣ ಕಲಿಸಿದ್ದು' ಅಂತ ಪ್ರತಿ ಸಲ ಹೇಳ್ತಾರೆ ಸಾರ್. ಆ ರಾಜೇಂದ್ರಣ್ಣ ನೀವೇನಾ?"

"ಅಲ್ಲಮ್ಮ," ಎಂದೆ. "ರಾಜೇಂದ್ರ ಅನ್ನೋರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ."