ಬೆಳಗಿದ ಬಟ್ಟುಗಳು

ಫೆಬ್ರವರಿ 3, ಸೋಮವಾರ. ಸಂಜೆ 5.

ಫಿಸಿಕ್ಸ್ ಲ್ಯಾಬ್. ಮತ್ತೆ ಬೈಸಿಕೊಂಡೆ. ತೂಕದ ಬಟ್ಟನ್ನು ಚಿಮಟದಲ್ಲಿ ಎತ್ತಬೇಕಿತ್ತು, ಬೆರಳಿನಲ್ಲಿ ಎತ್ತಿದೆ. ಲೆಕ್ಚರರ್ ಇಡೀ ಬ್ಯಾಚಿನ ಎದುರು— "ನಿನ್ನ ಕೈ ಬೆವರಿಗೂ ತೂಕ ಇದೆ ಕಣಮ್ಮ. ಅದನ್ನೂ ರೀಡಿಂಗ್‌ಗೆ ಸೇರಿಸ್ತೀಯಾ?" ಎಲ್ಲರೂ ನಕ್ಕರು. ರೆಕಾರ್ಡ್ ಬುಕ್ ಮೂರು ಸಲ ಚೆಕ್ ಮಾಡಿ ಕೊಟ್ಟೆ. ರೂಮಿಗೆ ಬಂದ ಮೇಲೆ ನಾಲ್ಕನೇ ಸಲ ಚೆಕ್ ಮಾಡಬೇಕಿತ್ತು ಅನ್ನಿಸಿತು.

ಮನೆಗೆ ಫೋನ್. ಅಪ್ಪ ಭಾರೀ ಖುಷಿ. ತೂಕ-ಅಳತೆ ಆಫೀಸಿನ ಸಾಮಾನನ್ನೆಲ್ಲ ಹೊಸ ಕಟ್ಟಡಕ್ಕೆ ಸಾಗಿಸುವ ಗುತ್ತಿಗೆ ನಿನ್ನೆ ಮುಗಿಯಿತಂತೆ. ಹೊಸ ಕಟ್ಟಡದಲ್ಲಿ ಬಣ್ಣ ಒಣಗದೆ ಹನ್ನೊಂದು ದಿನ ಎಲ್ಲವೂ ನಮ್ಮ ಗೋಡೌನಿನಲ್ಲೇ ಇತ್ತು.

"ಒಂದು ಗಾಜು ಒಡ್ದಿಲ್ಲ ಮಗಳೇ. ಮೇಲಿಂದ ಹಿತ್ತಾಳೆ ಎಲ್ಲಾ ಬೆಳಗಿಸಿ ಕೊಟ್ಟಿದೀನಿ. ಮುಖ ನೋಡ್ಕೋಬಹುದು."

"ಯಾವ ಹಿತ್ತಾಳೆ ಅಪ್ಪ?"

"ಎಲ್ಲಾ. ಬಾಗಿಲ ಹಿಡಿ, ಗಂಟೆ, ಬೋರ್ಡು, ಆ ಮಖಮಲ್ ಪೆಟ್ಟಿಗೇಲಿ ತೂಕದ ಬಟ್ಟು ಇರ್ತವಲ್ಲ, ಅವೂ. ನಿಮ್ಮ ಚಿಕ್ಕಪ್ಪ ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು."

ಓದೋದಿದೆ ಅಂತ ಫೋನ್ ಇಟ್ಟೆ. ಬಟ್ಟನ್ನು ಬೆರಳಲ್ಲಿ ಮುಟ್ಟಿದ್ದಕ್ಕೇ ಬೈಸಿಕೊಂಡದ್ದು ಹೇಳಲಿಲ್ಲ. ಹೇಳಬೇಕಿತ್ತಾ?

ಫೆಬ್ರವರಿ 4

ಲೈಬ್ರರಿಯಲ್ಲಿ ನೋಡಿದೆ. ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದೆ. ಊರಿನ ಅಂಗಡಿಗಳ ಬಟ್ಟುಗಳನ್ನೆಲ್ಲ ಆ ಪೆಟ್ಟಿಗೆಯ ಬಟ್ಟುಗಳ ಜೊತೆ ತೂಗಿ ನೋಡಿಯೇ ಮುದ್ರೆ ಒತ್ತುವುದು. ಅವನ್ನು ಬರಿಗೈಯಲ್ಲಿ ಮುಟ್ಟಬಾರದು. ತಿಕ್ಕುವುದಂತೂ... ತಿಕ್ಕಿದರೆ ಲೋಹ ಸವೆಯುತ್ತದೆ. ಕೂದಲೆಳೆಯಷ್ಟೇ. ಆದರೆ ಆ ಬಟ್ಟಿಗೆ ಕೂದಲೆಳೆಯೇ ಜೀವ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಎರಡು ಸಲ ಹೇಳಿಸಿಕೊಂಡರು. ಆಮೇಲೆ— "ಆಫೀಸಿನ ಉಗ್ರಾಣ ನೋಡ್ಕೊಳ್ಳೋರು ಇದಾರಲ್ಲ, ಅವರೇ ಹೇಳಿದ್ದು ಕಣಮ್ಮ. ಸಾಹೇಬರು ನೋಡೋಕೆ ಬರ್ತಾರೆ, ಎಲ್ಲಾ ಹೊಳೀಬೇಕು ಅಂದ್ರು. ಅವರಿಗೆ ಗೊತ್ತಿರಲ್ವಾ?"

ಗೊತ್ತಿರುತ್ತದೆ ಅಂದೆ. ಸುಳ್ಳು.

ಫೆಬ್ರವರಿ 19, ಬುಧವಾರ

ನೋಟಿಸ್ ಬಂತು. ಚಿಕ್ಕಪ್ಪ ಫೋಟೋ ತೆಗೆದು ಕಳಿಸಿದ್ದಾರೆ. ಫೋಟೋದಲ್ಲಿ ಅರ್ಧ ಅವರ ಹೆಬ್ಬೆರಳು.

ಹದಿನಾಲ್ಕು ಬಟ್ಟುಗಳೂ ತೂಕ ಕಳೆದುಕೊಂಡಿವೆ. ಹಾನಿ ಆದದ್ದು ಗುತ್ತಿಗೆದಾರನ ವಶದಲ್ಲಿರುವಾಗ. ಮಾರ್ಚ್ 18ಕ್ಕೆ ವಿಚಾರಣೆ. ಅಲ್ಲಿಯವರೆಗೆ ಯಾವ ಸರ್ಕಾರಿ ಕೆಲಸವೂ ಇಲ್ಲ. "ತಮ್ಮನ್ನು ಕಪ್ಪುಪಟ್ಟಿಗೆ ಯಾಕೆ ಸೇರಿಸಬಾರದು?" ಎಂದು ಕೇಳಿದ್ದಾರೆ. ಎಷ್ಟು ಮರ್ಯಾದೆ. ತಮ್ಮನ್ನು ಅಂತೆ.

ಅಪ್ಪನಿಗೆ ಬೇರೆ ಕೆಲಸ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಸರ್ಕಾರದ ಮೇಜು, ಬೀರು, ಕಡತದ ಕಟ್ಟು— ಅದನ್ನೇ ಹೊತ್ತದ್ದು. ಕಪ್ಪುಪಟ್ಟಿ ಅಂದರೆ ಲಾರಿ ಮಾರಬೇಕು, ಗೋಡೌನ್ ಖಾಲಿ ಮಾಡಬೇಕು.

ಕರಾರು ಪತ್ರ ಕಳಿಸಿ ಅಂದೆ. ಎಲ್ಲ ಪುಟ. ಹೆಬ್ಬೆರಳಿಲ್ಲದೆ.

ಫೆಬ್ರವರಿ 22, ಶನಿವಾರ. ಮನೆ.

ಕರಾರು ಓದಿದೆ. ಒಂಬತ್ತನೇ ಷರತ್ತು. ವಶದಲ್ಲಿರುವಾಗ ಸರ್ಕಾರಿ ಸೊತ್ತಿಗೆ ಆದ ನಷ್ಟ, ಹಾನಿ ಎಲ್ಲಕ್ಕೂ ಗುತ್ತಿಗೆದಾರನೇ ಹೊಣೆ. ಅದರ ಕೆಳಗೆ ಇರುವೆ ಸಾಲಿನಷ್ಟು ಚಿಕ್ಕದಾಗಿ— ಇಲಾಖೆಯ ಜವಾಬ್ದಾರಿಯುತ ನೌಕರನ ಸೂಚನೆಯಂತೆ ನಡೆದು ಆದ ಹಾನಿಯ ಹೊರತು.

"ಅವರು ಹೇಳಿದ್ರು ಅಂತ ಅವರ ಬಾಯಲ್ಲೇ ಬಂದ್ರೆ ಸಾಕು ಅಪ್ಪ," ಅಂದೆ.

ಅದನ್ನೇ ಕೇಳಲು ಅಪ್ಪ ನಿನ್ನೆಯೇ ಆಫೀಸಿಗೆ ಹೋಗಿ ಬಂದಿದ್ದರಂತೆ. ನನಗೆ ಹೇಳಿದ್ದು ಚಿಕ್ಕಪ್ಪ. ಅಪ್ಪ ಉಗ್ರಾಣದವನ ಮುಂದೆ ಕೈಮುಗಿದು ನಿಂತರು. ಆಫೀಸಿನ ಆರೇಳು ಜನ ಇದ್ದರು. ಅವನು ಸೊಂಟದ ಕೀ ಗೊಂಚಲು ಕುಲುಕಿಸಿ ಅಂದನಂತೆ— "ನಾನ್ಯಾಕ್ರೀ ಹೇಳ್ಲಿ? ನನಗೇನು ತಲೆ ಕೆಟ್ಟಿದ್ಯಾ? ತಿಕ್ಕೋದ್ರಲ್ಲಿ ಅಷ್ಟು ಆಸೆ ಇದ್ರೆ ಪಾತ್ರೆ ಅಂಗಡಿ ಇಡಿ."

ಎಲ್ಲರೂ ನಕ್ಕರು. ಆ ನಗು ನನಗೆ ಗೊತ್ತು. ಲ್ಯಾಬಿನಲ್ಲಿ ಕೇಳಿದ್ದೇನೆ.

ಈಗ ಟೀ ಅಂಗಡಿಯಲ್ಲಿ ಅಪ್ಪನ ಹೆಸರು ಪಾತ್ರೆ ಕಾಂಟ್ರಾಕ್ಟರ್.

"ನನಗಾದ್ರೂ ಒಂದು ಹೆಸರು ಇಡ್ಬೇಕಿತ್ತು," ಅಂದರು ಚಿಕ್ಕಪ್ಪ. "ತಿಕ್ಕಿದ್ದು ನಾನು. ಕೀರ್ತಿ ಎಲ್ಲಾ ಅಣ್ಣನಿಗೇ."

ಅಮ್ಮ ಸೌಟು ಎತ್ತಿದರು. "ನಿನ್ನ ನಾಲಗೆ ತಿಕ್ಕಬೇಕು ಮೊದ್ಲು."

ಅಪ್ಪ ನಗಲಿಲ್ಲ. ಖಾಲಿ ಗೋಡೌನಿನಲ್ಲಿ ಮಡಚಿದ ಗೋಣಿಚೀಲಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು. ನಾನು ಹೋದೆ. "ಓದ್ಕೋ ಹೋಗು," ಅಂದರು, ನನ್ನ ಮುಖ ನೋಡದೆ.

ಬಿಡುವುದಿಲ್ಲ ಅವನನ್ನು.

ಫೆಬ್ರವರಿ 23, ಭಾನುವಾರ. ಬೆಳಿಗ್ಗೆ 6. ಬಸ್ಸಿನಲ್ಲಿ.

ಅವನಿಗೆ ಏನಾಗಬೇಕು ಅಂತ ಯೋಚಿಸುತ್ತಿದ್ದೇನೆ. ಕೈಕಾಲು ಮುರಿಯುವುದು ಬೇಡ, ಚೀಪ್. ಆ ಕೀ ಗೊಂಚಲು ಅವನ ಸೊಂಟದಿಂದ ಇಳಿಯಬೇಕು. ಆರೇಳು ಜನರ ಮುಂದೆ ಇಳಿಯಬೇಕು. ಅವನೇ ಬಿಚ್ಚಿ ಕೊಡಬೇಕು.

ಬೈದರೆ ಅವನು ಒಪ್ಪುವುದಿಲ್ಲ. ಬೇಡಿದರೂ ಒಪ್ಪಲಿಲ್ಲ. ಹೊಗಳಿದರೆ?

ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದದ್ದರ ಒಂದೇ ಲಾಭ— ಊರಿನಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ.

ಮಾರ್ಚ್ 1

ರೂಮ್‌ಮೇಟಿಗೆ ಎಲ್ಲ ಹೇಳಿದೆ, ನಾವೆಲ್ಲ ಕನ್ನಡಕ ಅಂತ ಕರೆಯುವವಳು. ಅವಳ ಕಣ್ಣು ಗಾಜಿನ ಹಿಂದೆ ಇನ್ನೂ ದೊಡ್ಡದಾಯಿತು.

"ಇದು ಕ್ರೈಮ್ ಅಲ್ವೇನೇ?"

"ಪ್ರಾಜೆಕ್ಟ್ ಅಂತ ಹೋಗಿ ಪ್ರಶ್ನೆ ಕೇಳೋದು ಕ್ರೈಮಾ?"

"ನೀನು ಕ್ಯಾಂಟೀನಲ್ಲಿ ಎರಡನೇ ಸಲ ಸಾಂಬಾರ್ ಕೇಳೋಕೂ ನಡುಗ್ತೀಯ. ಅಲ್ಲಿ ಹೋಗಿ ಏನ್ ಮಾಡ್ತೀಯಾ?"

"ನಡುಗ್ತೀನಿ. ಸ್ಟೂಡೆಂಟ್ ಅಲ್ವಾ, ನಡುಗಿದ್ರೆ ಇನ್ನೂ ನಿಜ ಅನ್ನಿಸುತ್ತೆ."

ಪ್ರಶ್ನೆಪಟ್ಟಿ ಟೈಪ್ ಮಾಡಿದೆವು. ತಲೆಬರಹ: ಸರ್ಕಾರಿ ಉಗ್ರಾಣಗಳ ನಿರ್ವಹಣೆ— ಒಂದು ಅಧ್ಯಯನ. ಹನ್ನೆರಡು ಪ್ರಶ್ನೆ. ಹನ್ನೊಂದು ಬರೀ ಹೊಟ್ಟು. ಎಂಟನೆಯದು ಕಾಳು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 2. ಬಸ್ ನಿಲ್ದಾಣ.

ಸಿಕ್ಕಿತು. ಒಂದೊಂದಾಗಿ ಬರೆಯುತ್ತೇನೆ.

ಹೊಸ ಕಟ್ಟಡದ ನೆಲಮಹಡಿ. ಬಣ್ಣದ ವಾಸನೆ ಇನ್ನೂ ಇದೆ. ಪ್ರತಿ ಕಪಾಟಿನ ಮೇಲೂ ಚೀಟಿ, ದುಂಡಗಿನ ಅಕ್ಷರ. ಟೇಬಲ್ಲಿನ ಗಂಟೆ ಹೊಳೆಯುತ್ತಿತ್ತು— ಚಿಕ್ಕಪ್ಪನ ಹುಣಸೆಹಣ್ಣು. ಅವನು ನಾನು ಅಂದುಕೊಂಡದ್ದಕ್ಕಿಂತ ಕುಳ್ಳ. ಕಿವಿಯಲ್ಲಿ ಕೂದಲು.

"ಪ್ರಾಜೆಕ್ಟಾ? ನನ್ನ ಹತ್ರಾನಾ?" ಎರಡು ಸಲ ಕೇಳಿದ. ಆಮೇಲೆ ತನ್ನ ಕುರ್ಚಿಯನ್ನೇ ಕೊಟ್ಟು ತಾನು ಸ್ಟೂಲಿನ ಮೇಲೆ ಕೂತ. "ಕೂತ್ಕೋಮ್ಮ. ನೀರು ಕುಡೀತೀಯಾ? ಯಾಕೆ ಹಿಂಗೆ ನಡುಗ್ತಿದೀಯ? ನಾನೇನು ಹುಲೀನಾ?"

ಹೆಸರು ಕೇಳಿದ. ನನ್ನ ರೂಮ್‌ಮೇಟ್ ಹೆಸರು ಹೇಳಿದೆ.

ಒಂದನೇ ಪ್ರಶ್ನೆಗೇ ಅರ್ಧ ಗಂಟೆ. ಗೆದ್ದಲು ಹೇಗೆ ತಡೆಯಬೇಕು. ಕಡತದ ಕಟ್ಟಿಗೆ ಯಾವ ಗಂಟು ಹಾಕಬೇಕು— ಗಂಟು ಹಾಕಿಯೇ ತೋರಿಸಿದ, ನನ್ನಿಂದಲೂ ಹಾಕಿಸಿದ. "ಹಂಗಲ್ಲ, ಬಾಲ ಒಳಗೆ. ಹ್ಞಾಂ. ಜಾಣೆ." ನನಗೆ ಅಸಹ್ಯ ಆಯಿತು. ಗಂಟು ಮಾತ್ರ ಸರಿಯಾಗಿ ಬಂತು.

ಎಂಟನೇ ಪ್ರಶ್ನೆ. ಆಫೀಸು ಸ್ಥಳಾಂತರವಾದಾಗ ಲೋಹದ ಸಾಮಗ್ರಿಗಳ ಸ್ವಚ್ಛತೆ ಹೇಗೆ ಕಾಪಾಡಿದಿರಿ?

ಸ್ಟೂಲಿನಲ್ಲೇ ಹಿಂದೆ ಸರಿದು ನನ್ನನ್ನು ನೋಡಿದ.

"ಇಲ್ಲಿ ಎಲ್ಲಾ ಎಷ್ಟು ಹೊಳೀತಿದೆ ಸರ್," ಅಂದೆ. "ನಮ್ಮ ಕಾಲೇಜಲ್ಲಿ ಗಂಟೆ ಕಪ್ಪಗಾಗಿದೆ. ಯಾರೂ ಹೇಳೋರೇ ಇಲ್ಲ."

ಅಷ್ಟೇ. ಉಬ್ಬಿದ. "ಅದೇ ನೋಡಮ್ಮ. ಹೇಳಬೇಕು! ಕಾಂಟ್ರಾಕ್ಟರ್‌ಗಳಿಗೆ ಬಿಟ್ರೆ ಧೂಳು ಸಮೇತ ತಂದು ಸುರೀತಾರೆ. ನಾನು ಮೊದಲೇ ಕರೆದು ಹೇಳ್ದೆ, ಹಿತ್ತಾಳೆ ಅಂತ ಏನೇನಿದೆ ಎಲ್ಲಾ ಬೆಳಗಿಸಿಯೇ ಒಪ್ಪಿಸಬೇಕು ಅಂತ."

"ಎಲ್ಲಾನೂ ಸರ್? ಒಂದನ್ನೂ ಬಿಡದೆ?"

"ಒಂದನ್ನೂ ಬಿಡದೆ. ಬರ್ಕೋ."

"ನನ್ನ ಅಕ್ಷರ ಚೆನ್ನಾಗಿಲ್ಲ ಸರ್. ನೀವೇ ಬರೆದುಕೊಟ್ರೆ... ಸೀಲ್ ಸಮೇತ ಇದ್ರೆ ನಮ್ಮ ಮೇಡಂ ನಂಬ್ತಾರೆ."

ಅಡಿಯಲ್ಲಿ ಸ್ಕೇಲ್ ಇಟ್ಟುಕೊಂಡು ಬರೆದ. ನಾಲ್ಕು ಪುಟ. ಮಧ್ಯೆ ಊಟದ ಡಬ್ಬಿ ತೆರೆಯಲೂ ಇಲ್ಲ. ಬರೆದ, ಸಹಿ ಹಾಕಿದ, ಸೀಲಿಗೆ ಊದಿ ಒತ್ತಿದ. ಮೂರನೇ ಪುಟದ ಮೂರನೇ ಸಾಲು: "ಗುತ್ತಿಗೆದಾರರಿಗೆ ಖುದ್ದಾಗಿ ಸೂಚನೆ ನೀಡಿ, ಹಿತ್ತಾಳೆಯ ಎಲ್ಲ ವಸ್ತುಗಳನ್ನು ಒಂದನ್ನೂ ಬಿಡದೆ ಬೆಳಗಿಸಿಕೊಂಡಿರುತ್ತೇನೆ."

ಬಟ್ಟಿನ ನೆನಪೇ ಬರಲಿಲ್ಲ ಅವನಿಗೆ. ಅಥವಾ ಬಂದಿತ್ತು, ಕಾಲೇಜು ಹುಡುಗಿಗೆ ಹೇಳಿದರೆ ಏನಾದೀತು ಅಂದುಕೊಂಡ. ಎರಡೂ ನನಗೆ ಒಂದೇ.

ಗೇಟಿನವರೆಗೆ ಬಂದ. "ಫಸ್ಟ್ ಕ್ಲಾಸ್ ತಗೋಬೇಕು ಮತ್ತೆ."

ತಗೋತೀನಿ ಅಂದೆ. ನೋಡ್ತಾ ಇರು ಅಂತ ಒಳಗೆ ಅಂದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಕೈ ಒಣಗಿತ್ತು.

ಮಾರ್ಚ್ 8, ಶನಿವಾರ. ಮನೆ.

ಅಪ್ಪನ ಕೈಯಲ್ಲಿ ಪುಟ ಇಟ್ಟೆ. ಎರಡು ಸಲ ಓದಿದರು. ಸೀಲಿನ ಮೇಲೆ ಬೆರಳಾಡಿಸಿದರು.

"ಎಲ್ಲಿ ಸಿಕ್ತು?"

"ಸಿಕ್ತು."

ಮತ್ತೆ ಕೇಳಲಿಲ್ಲ. ಪುಟಗಳನ್ನು ಕಡತದಲ್ಲಿಟ್ಟು ದಾರ ಕಟ್ಟಿದರು. ನಾನು ಬಿಚ್ಚಿ ಸರಿಯಾದ ಗಂಟು ಹಾಕಿಕೊಟ್ಟೆ. ಹಾಕಿದ ಮೇಲೆ ಗೊತ್ತಾಯಿತು ಯಾರ ಗಂಟು ಅಂತ.

ಚಿಕ್ಕಪ್ಪ ಓದಿ ತೊಡೆ ತಟ್ಟಿಕೊಂಡರು. "ಮೀನು ತಾನೇ ಬಂದು ಬಾಣಲೆಗೆ ಬಿದ್ದಿದೆ! ಯಾವ ಗಾಳ ಹಾಕ್ದೆ ತಾಯೀ?"

"ಸುಮ್ನಿರಿ ಚಿಕ್ಕಪ್ಪ."

ಹತ್ತು ದಿನ. ಅವನು ಓದುವಾಗ ಅವನ ಮುಖ ನೋಡಬೇಕು. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಇಂಟರ್ನಲ್ ಟೆಸ್ಟ್ ಅವತ್ತೇ ಇದೆ. ಇರಲಿ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3. ಬಸ್ಸಿನಲ್ಲಿ, ಕಿಟಕಿ ಪಕ್ಕ.

ಗೆದ್ದೆವು. ಮೊದಲು ಅದನ್ನು ಬರೆಯುತ್ತೇನೆ. ಗೆದ್ದೆವು ಗೆದ್ದೆವು ಗೆದ್ದೆವು.

ವಿಚಾರಣೆಯ ಮೇಡಮ್ಮಿಗೆ ಶೀತ. ಕರ್ಚೀಫಿನಲ್ಲೇ ಮಾತು. ಅಪ್ಪ, ಚಿಕ್ಕಪ್ಪ, ನಾನು ಒಂದು ಕಡೆ. ಆ ಕಡೆ ಅವನು, ಹಿಂದೆ ಆಫೀಸಿನ ಏಳು ಜನ. ಎಣಿಸಿದೆ. ಅವನು ಒಳಗೆ ಬರುತ್ತಲೇ ನನ್ನನ್ನು ನೋಡಿ ನಕ್ಕ, ಗುರುತಿನ ನಗು. ಆಮೇಲೆ ನಾನು ಯಾರ ಪಕ್ಕ ಕೂತಿದ್ದೇನೆ ಅಂತ ನೋಡಿದ. ನಗು ಹಾಗೇ ಉಳಿಯಿತು, ಅದನ್ನು ಎಲ್ಲಿ ಇಡಬೇಕೆಂದು ಗೊತ್ತಾಗದವನ ಹಾಗೆ.

ಬಟ್ಟು ಬೆಳಗಿಸಲು ಹೇಳಿದ್ದಿರಾ? ಇಲ್ಲ ಮೇಡಂ. ಬೇರೆ ಹಿತ್ತಾಳೆ? ಯಾವುದಕ್ಕೂ ಹೇಳಿಲ್ಲ ಮೇಡಂ.

ಅಪ್ಪ ಎದ್ದು ಪುಟ ಕೊಟ್ಟರು. ಮೇಡಂ ಗಟ್ಟಿಯಾಗಿ ಓದಿದರು. ಖುದ್ದಾಗಿ. ಒಂದನ್ನೂ ಬಿಡದೆ. ಹಿಂದಿನ ಏಳು ಜನರಲ್ಲಿ ಯಾರೋ ಕಿಸಕ್ಕೆಂದರು. ನನಗೆ ಸಕ್ಕರೆ ತಿಂದ ಹಾಗಾಯಿತು, ಸುಳ್ಳು ಹೇಳುವುದಿಲ್ಲ.

"ನಿಮ್ಮ ಅಕ್ಷರಾನಾ?"

"ನನ್ನದೇ ಮೇಡಂ."

"ವಿಚಾರಣೆ ಇಟ್ಕೊಂಡು ಇದನ್ನ ಯಾಕ್ರೀ ಬರ್ಕೊಟ್ರಿ?"

ಅವನು ಪುಟವನ್ನೇ ನೋಡುತ್ತಿದ್ದ. "ಮೂವತ್ತೊಂದು ವರ್ಷ ಆಯ್ತು ಮೇಡಂ. ನಿನ್ನ ಕೆಲಸ ಹೆಂಗಪ್ಪಾ ಅಂತ ಯಾರೂ ಕೇಳಿರ್ಲಿಲ್ಲ. ಕೇಳಿದ್ರು. ಬರೆದೆ."

ಯಾರೂ ನಗಲಿಲ್ಲ. ನಗಬಹುದಿತ್ತು.

ಅಪ್ಪನ ಮೇಲಿನ ನೋಟಿಸ್ ವಜಾ. ಇವತ್ತಿನಿಂದಲೇ ಕೆಲಸ ಹಿಡಿಯಬಹುದು. ಉಗ್ರಾಣದವನ ಮೇಲೆ ಬೇರೆ ವಿಚಾರಣೆ, ಅಲ್ಲಿಯವರೆಗೆ ಕೀ ಬೇರೆಯವರಿಗೆ. ಅವನು ನಿಂತು ಸೊಂಟದಿಂದ ಗೊಂಚಲು ಬಿಚ್ಚಿದ. ಕೊಂಡಿ ಸಿಕ್ಕಿಕೊಂಡಿತು. ಬಹಳ ಹೊತ್ತು ಹಿಡಿಯಿತು. ನಾನು ಬೇಡಿಕೊಂಡ ಹಾಗೇ, ಎಲ್ಲರ ಮುಂದೆ. ಕಣ್ಣು ತೆಗೆಯದೆ ನೋಡಿದೆ.

"ಪಾತ್ರೆ ಅಂಗಡಿಗೆ ಒಬ್ಬ ಆಳು ಬೇಕಾಗಿದ್ದ," ಅಂದರು ಚಿಕ್ಕಪ್ಪ, ಕೇಳಿಸುವ ಹಾಗೆ. ಅಪ್ಪ ಅವರ ತೋಳು ಹಿಡಿದು ಹೊರಗೆ ತಂದರು. ಹೊರಗೆ ಬಂದು ನನ್ನ ತಲೆ ಮೇಲೆ ಕೈ ಇಟ್ಟರು. ಒಂದು ತಿಂಗಳಾದ ಮೇಲೆ ಅಪ್ಪ ನನ್ನ ಮುಖ ನೋಡಿದ್ದು.

ಇಲ್ಲಿಗೇ ಮುಗಿಸಬಹುದು. ಮುಗಿಸಬೇಕು.

ಮೆಟ್ಟಿಲ ಹತ್ತಿರ ಅವನು ಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿ, ನನ್ನ ಹತ್ತಿರ ಬೇಕಾದಷ್ಟಿತ್ತು, ಎಲ್ಲ ತುದಿನಾಲಗೆಯಲ್ಲಿ. ಅಪ್ಪನಿಗೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿ, ಅವತ್ತು ಸ್ಟೂಲಿನ ಮೇಲೆ ಕೂತು ಮಾತಾಡಿದ ಅದೇ ದನಿಯಲ್ಲಿ—

"ಆ ಪ್ರಾಜೆಕ್ಟು... ನಿಜವಾಗ್ಲೂ ಇತ್ತೇನಮ್ಮ?"

ಅಪ್ಪನೂ ನನ್ನನ್ನೇ ನೋಡಿದರು.

ಒಂದೇ ಪದ ಸಾಕಿತ್ತು. ಅವನನ್ನು ಪೂರ್ತಿ ಮುಗಿಸಲು ಒಂದೇ ಪದ. ಬಾಯಿ ತೆರೆದೆ. ನಾನು ಅಂದೆ— "ಇತ್ತು ಸರ್." ಸುಳ್ಳು.