ಪ್ಲಾಸ್ಟಿಕ್ ಕವರಿನೊಳಗಿನ ಹಾಸಿಗೆ

೧೨ ಆಗಸ್ಟ್ ೨೦೦೨, ಸೋಮವಾರ. ಬೆಳಗ್ಗೆ ೭

ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ ಇವತ್ತು ಒಬ್ಬರೂ ಸೊಂಟ ಹಿಡಿದುಕೊಂಡು ಎದ್ದಿಲ್ಲ. ಕಾರಣ ನಾನು. ಡಾಕ್ಟರುಗಳು ಬಾಗಿಲು ಹಾಕಿಕೊಂಡು ಹೋಗುವುದೊಂದು ಬಾಕಿ.

ಸ್ನಾನ ಆಯಿತು. ಇಸ್ತ್ರಿ ಷರಟು, ಟೈ. ಟೈ ಕಟ್ಟಲು ಬರುವುದಿಲ್ಲ — ಕಂಪನಿಯಲ್ಲಿ ನನ್ನ ಲೀಡರ್ ಯೋಗರಾಜ್ ಕಟ್ಟಿಕೊಟ್ಟದ್ದನ್ನೇ ಬಿಚ್ಚದೆ ಮೊಳೆಗೆ ನೇತುಹಾಕಿದ್ದೇನೆ, ದಿನಾ ತಲೆಯ ಮೇಲಿಂದ ತೂರಿಸಿಕೊಳ್ಳುವುದು. ಈ ಡೈರಿಯೂ ಕಂಪನಿಯದೇ. ಪುಟಪುಟದ ತಲೆಯಲ್ಲೂ ಇಂಗ್ಲಿಷಿನ ಒಂದು ಸಾಲು. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನಿಗೆ ಅದು ತಿಳಿಯುವುದಿಲ್ಲ. ಒಳ್ಳೆಯ ಮಾತೇ ಇರಬೇಕು.

ಮಾರುವುದು ಅಯಸ್ಕಾಂತದ ಹಾಸಿಗೆ. ರಾತ್ರಿ ಮಲಗಿದರೆ ಬೆಳಗ್ಗೆ ಬೆನ್ನು ನೋವು ಮಾಯ. ಕೊಂಡವರು ಇನ್ನು ನಾಲ್ಕು ಜನರಿಗೆ ಕೊಡಿಸಿದರೆ ಕೊಟ್ಟ ದುಡ್ಡು ವಾಪಸ್. ಮೊದಲನೆಯದು ನನ್ನ ಅಕ್ಕ ದುರ್ಗಮ್ಮನಿಗೇ ಕೊಡಿಸಿದೆ. ಭದ್ರಾವತಿ ಓಲ್ಡ್ ಟೌನಿನಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಊದುಬತ್ತಿ ಹೊಸೆದು ಮಗಳು ಹೇಮಶ್ರೀಯನ್ನು ಓದಿಸುತ್ತಿದ್ದಾಳೆ. ದಿನವೆಲ್ಲ ಮಣೆಯ ಮುಂದೆ ಬಗ್ಗಿ ಕೂತು, ಬೆಳಗ್ಗೆ ಗೋಡೆ ಹಿಡಿದು ಏಳುತ್ತಿದ್ದಳು.

ರೇಟು ಹದಿನೆಂಟು ಸಾವಿರ ಅಂತ ಹೇಳಿದೆ. ಭಾವ ತೀರಿದಾಗ ಫ್ಯಾಕ್ಟರಿ ಕೊಟ್ಟ ದುಡ್ಡು ಬ್ಯಾಂಕಿನಲ್ಲಿತ್ತು, ಹೇಮಶ್ರೀಯ ನರ್ಸಿಂಗ್ ಓದಿಗೆಂದು ಇಟ್ಟದ್ದು. ದುಡ್ಡು ತೆಗೆಯುವ ಫಾರಮಿಗೆ ಅಕ್ಕ ಸಹಿ ಹಾಕಿದಳು. ಮಿಕ್ಕಿದ್ದನ್ನು ನಾನು ತುಂಬಿದೆ.

೨೫ ಆಗಸ್ಟ್, ಭಾನುವಾರ. ಸಂಜೆ

ಶಿವಮೊಗ್ಗದ ಛತ್ರದಲ್ಲಿ ಮೀಟಿಂಗ್. ಅಕ್ಕನನ್ನು ಬಸ್ಸಿನಲ್ಲಿ ಕರೆತಂದು ವೇದಿಕೆ ಹತ್ತಿಸಿದೆ. ಮೈಕನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದಳು.

"ಮೊದ್ಲು ಬೆಳಗ್ಗೆ ಸೊಂಟ ಎತ್ತಕ್ಕೇ ಆಗ್ತಿರ್ಲಿಲ್ಲ. ಈಗ ನನ್ನ ತಮ್ಮ ಹಾಸ್ಗೆ ಕೊಡ್ಸಿದಾನೆ... ಎಲ್ಲಾ ಸರಿ ಇದೆ."

ಚಪ್ಪಾಳೆಯೋ ಚಪ್ಪಾಳೆ. ನಾನು ಶಿಳ್ಳೆಯನ್ನೂ ಹೊಡೆದೆ. ಯೋಗರಾಜ್ ಬಂದು ಕೈ ಕುಲುಕಿದ. "ನಾಗಯ್ಯ ಸರ್, ನಿಮ್ಮ ಅಕ್ಕನಂಥೋರು ಇದ್ರೆ ನಿಮ್ಗೆ ಕಾರು ಗ್ಯಾರಂಟಿ!"

ಸರ್. ಛತ್ರಕ್ಕೆ ಕಾಲಿಟ್ಟಾಗಿನಿಂದ ಎಲ್ಲರ ಬಾಯಲ್ಲೂ ಅದೇ. ಐವತ್ತೆರಡು ವರ್ಷದಲ್ಲಿ ಮೊದಲ ಸಲ.

ವಾಪಸ್ ಬಸ್ಸು ಹತ್ತುವಾಗ ಅಕ್ಕ ಕಂಬಿ ಹಿಡಿದು ಹಾಗೇ ನಿಂತುಬಿಟ್ಟಳು. ಕಂಡಕ್ಟರ್ ರೇಗಿದ. ಮೈಕಿನ ಹೆದರಿಕೆ ಇನ್ನೂ ಇಳಿದಿಲ್ಲ ಅಂದುಕೊಂಡೆ.

೧೪ ಅಕ್ಟೋಬರ್, ಆಯುಧಪೂಜೆ

ಅಕ್ಕನ ಮನೆಯಲ್ಲಿ ಊಟ. ಕತ್ತರಿ, ಈಳಿಗೆಮಣೆ, ಊದುಬತ್ತಿ ಹೊಸೆಯುವ ಮಣೆ — ಎಲ್ಲಕ್ಕೂ ಪೂಜೆ. ಹಾಸಿಗೆಗೂ! ಮೂರು ಕಡೆ ಕುಂಕುಮ, ನಡುವೆ ಚೆಂಡುಹೂವು. ಆದರೆ ಕುಂಕುಮ ಇದ್ದದ್ದು ಪ್ಲಾಸ್ಟಿಕ್ ಕವರಿನ ಮೇಲೆ.

"ಕವರ್ ಯಾಕಕ್ಕ ಇನ್ನೂ?"

"ಹಬ್ಬದ ಧೂಳು ಕೂರ್ಬಾರ್ದು ಅಂತ ವಾಪಸ್ ಹಾಕ್ದೆ ಕಣೋ. ನಿಂದೊಂದು ಪೊಲೀಸ್ ತನಿಖೆ."

ಪಕ್ಕದ ಮನೆಯ ಹೂವಮ್ಮನಿಗೂ ಒಂದು ಮಾರೋಣವೆಂದು ಹಾಸಿಗೆಗೆ ಸೇಫ್ಟಿ ಪಿನ್ ಅಂಟಿಸಿ ತೋರಿಸಿದೆ. ಅವಳು ಕತ್ತು ಓರೆ ಮಾಡಿ ನೋಡಿ, "ಪಿನ್ನಿನ ಸೊಂಟನೋವು ಹೋಯ್ತು ಬಿಡು ಮಾರಾಯ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ.

ನನ್ನ ಕೆಳಗೆ ಇದುವರೆಗೆ ಸೇರಿದವರು... ಆಮೇಲೆ ಬರೆಯುತ್ತೇನೆ.

೨೩ ನವೆಂಬರ್, ಶನಿವಾರ. ಬೆಳಗ್ಗೆ ೯. ಓಲ್ಡ್ ಟೌನ್, ಹೋಟೆಲಿನಲ್ಲಿ ಕೂತು

ಯೋಗರಾಜನಿಗೆ ಫೋಟೋ ಬೇಕಿತ್ತು. ಅಕ್ಕ ಬೆಳಗ್ಗೆ ಹಾಸಿಗೆಯಿಂದ ನಗುನಗುತ್ತ ಏಳುವುದು, ಪಾಂಪ್ಲೆಟ್ಟಿಗೆ. ಕ್ಯಾಮೆರಾ ಅವನದೇ. ಮೊದಲ ಬಸ್ಸಿಗೆ ಹೊರಟು ಆರರೊಳಗೆ ಅಕ್ಕನ ಬಾಗಿಲಲ್ಲಿದ್ದೆ. ಹೇಮಶ್ರೀ ತೆಗೆದಳು. ಪಕ್ಕಕ್ಕೆ ಸರಿದಳು.

ಮಂಚದ ಮೇಲೆ ಹಾಸಿಗೆ. ಅದರ ಮೇಲೆ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿನ ಮೇಲೆ ಆಯುಧಪೂಜೆಯ ಅದೇ ಮೂರು ಕುಂಕುಮ, ಒಣಗಿದ್ದು.

ಅಕ್ಕ ನೆಲದ ಮೇಲೆ. ಮಂಚಕ್ಕೂ ಗೋಡೆಗೂ ನಡುವೆ, ಚಾಪೆಯಲ್ಲಿ ಮುದುಡಿಕೊಂಡು. ನನ್ನ ದನಿ ಕೇಳಿ ಗಡಬಡಿಸಿ ಏಳಲು ಹೋದಳು. ಆಗಲಿಲ್ಲ. ಅಂಬೆಗಾಲಿಟ್ಟಳು. ಮಂಚದ ಕಾಲು ಹಿಡಿದಳು. ಮೂರನೇ ಸಲಕ್ಕೆ ಎದ್ದಳು. ನಾನು ಕ್ಯಾಮೆರಾ ಹಿಡಿದುಕೊಂಡು ನಿಂತಿದ್ದೆ.

"ಇರೋ, ಮೇಲೆ ಕೂತ್ಕೋತೀನಿ. ಆಮೇಲೆ ತೆಗಿ."

"ಎಷ್ಟು ದಿನದಿಂದ ಹಿಂಗೆ ನೆಲದ ಮೇಲೆ?"

ಹೇಮಶ್ರೀ ಹೇಳಿದಳು: "ಅದ್ರ ಮೇಲೆ ಒಂದಿನಾನೂ ಮಲಗಿಲ್ಲ ಮಾವ. ಮೊದ್ಲು ಹತ್ತಿ ಹಾಸಿಗೆಯಾದ್ರೂ ಇತ್ತು. ಇದು ಬಂದ್ಮೇಲೆ ಜಾಗ ಇಲ್ಲ ಅಂತ ಅದನ್ನೂ ಕೊಟ್ಬಿಟ್ಲು."

"ಹದಿನೆಂಟು ಸಾವಿರ ಕಣೇ! ಮಲಗಿ ಹಾಳು ಮಾಡ್ಲಾ? ನಿನ್ನ ಮದುವೇಲಿ ಹೊಸ್ದಾಗೇ ಕೊಡ್ಬೇಕು ನಾನು."

"ಮತ್ತೆ ಮೈಕಲ್ಲಿ ಹಂಗೆ ಹೇಳ್ದೆಯಲ್ಲಕ್ಕ?"

ಅಕ್ಕ ಸೆರಗು ಸರಿಮಾಡಿಕೊಂಡಳು. "ಅಷ್ಟು ಜನದ ಮುಂದೆ ನಿನ್ನ ಸರ್ ಅಂತಿದ್ರಲ್ಲೋ ನಾಗ. ನೋವು ಹೋಗಿಲ್ಲ ಅನ್ನಕ್ಕಾಗುತ್ತಾ?"

ಫೋಟೋ ತೆಗೆಯಲಿಲ್ಲ. ಇಲ್ಲಿ ಬಂದು ಕೂತೆ. ಕಾಫಿ ಆರಿತು.

ಹದಿನೆಂಟು ಸಾವಿರದ ಹಾಸಿಗೆ ಅಂತ ನೆಲದಲ್ಲಿ ಮಲಗಿದವಳು. ನಿಜವಾದ ರೇಟು ಗೊತ್ತಾದರೆ ಹೊಸ್ತಿಲಾಚೆ ಮಲಗುತ್ತಾಳೇನೋ.

೨೫ ನವೆಂಬರ್, ಸೋಮವಾರ

ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವ್ಯಾಯಾಮ ಹೇಳಿಕೊಡುವ ಸಂಘಮಿತ್ರಾ ಮೇಡಂ. ನನ್ನ ಅರ್ಧ ವಯಸ್ಸು. ಅಯಸ್ಕಾಂತದ ವಿಷಯ ನಾನೇ ತೆಗೆದೆ — ಬಾಯಿ ಸುಮ್ಮನಿರುವುದಿಲ್ಲವಲ್ಲ.

"ಅಯಸ್ಕಾಂತ ಬೇಡ ರೀ. ತಗ್ಗು ಬೀಳದ ಹತ್ತಿ ಹಾಸಿಗೆ ಸಾಕು. ಮಲಗೋದು ಒಂದು ತಪ್ಪು, ಏಳೋದು ಇನ್ನೊಂದು ತಪ್ಪು, ದಿನಾ ಬಗ್ಗಿ ಕೂರೋದು ಎಲ್ಲಕ್ಕಿಂತ ದೊಡ್ಡ ತಪ್ಪು."

ಹೇಳಿದ್ದು ಮರೆಯದಿರಲಿ ಅಂತ ಬರೆಯುತ್ತೇನೆ. ಅಂಗಾತ ಮಲಗಿದರೆ ಮಂಡಿಯ ಕೆಳಗೆ ದಿಂಬು, ಮಗ್ಗುಲಾದರೆ ಮಂಡಿಗಳ ನಡುವೆ. ಎಚ್ಚರವಾದ ಕೂಡಲೇ ಎದ್ದು ಕೂರಬಾರದು — ಒಂದೊಂದೇ ಮಂಡಿಯನ್ನು ಎದೆಯ ಕಡೆ ಮೆಲ್ಲಗೆ ಎಳೆದುಕೊಳ್ಳುವುದು, ಐದೈದು ಸಲ. ಆಮೇಲೆ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳುವುದು. ಬಿಸಿನೀರಿನ ಶಾಖ ಹದಿನೈದು ನಿಮಿಷ. ಅರ್ಧ ಗಂಟೆಗೊಮ್ಮೆ ಮಣೆ ಬಿಟ್ಟು ಎದ್ದು ನಡೆಯುವುದು. ಕಾಲು ಜೋಮು ಹಿಡಿದರೆ ತಡಮಾಡದೆ ಬರುವುದು.

ಚೀಟಿಗೆ ಐದು ರೂಪಾಯಿ. ಅಷ್ಟೇ.

೨ ಡಿಸೆಂಬರ್, ಸೋಮವಾರ

ಯೋಗರಾಜನ ಆಫೀಸಿಗೆ ಬೀಗ. ಬೋರ್ಡೂ ಇಲ್ಲ. ಬೋರ್ಡಿದ್ದ ಕಡೆ ಗೋಡೆ ಮಾತ್ರ ಬೆಳ್ಳಗಿದೆ. ಕ್ಯಾಮೆರಾ ನನ್ನ ಹತ್ತಿರವೇ ಉಳಿಯಿತು.

ನೇರ ಭದ್ರಾವತಿಗೆ ಹೋಗಿ ಕತ್ತರಿ ತೆಗೆದುಕೊಂಡು ಕವರ್ ಉದ್ದಕ್ಕೂ ಸೀಳಿದೆ. "ಅಯ್ಯಯ್ಯೋ ಹಾಳಾದೋನೇ, ಇನ್ಯಾರು ತಗೋತಾರೋ ಅದನ್ನ!" — ಅಕ್ಕ ಬೆನ್ನ ಮೇಲೆ ಎರಡು ಗುದ್ದಿದಳು. ಕೈಯಲ್ಲಿ ಶಕ್ತಿ ಇದೆ, ಪರವಾಗಿಲ್ಲ.

ಹಳೆಯ ಸ್ಕೂಲ್ ಬೆಂಚು, ಒಂದು ಮೇಜು ತಂದು ಹೊಸೆಯುವ ಮಣೆಯನ್ನು ಮೊಣಕೈ ಎತ್ತರಕ್ಕೆ ಏರಿಸಿದೆ. ಮೇಜಿನ ಕಾಲು ಕುಂಟುತ್ತಿತ್ತು. ಕೆಳಗೆ ಕಂಪನಿಯ ಪಾಂಪ್ಲೆಟ್ಟು ಮಡಿಸಿ ಇಟ್ಟೆ. ಮೊದಲ ಸಲ ಅದರಿಂದ ಯಾರದೋ ಸೊಂಟಕ್ಕೆ ಉಪಕಾರ.

"ಒಳ್ಳೇದು ಮಾಡ್ದೆ ಕಣೋ" ಅಂದಳು ಅಕ್ಕ. ಊಟಕ್ಕೆ ನಿಲ್ಲದೆ ಬಸ್ಸು ಹಿಡಿದೆ.

೧೬ ಡಿಸೆಂಬರ್, ಸೋಮವಾರ. ಬೆಳಗ್ಗೆ ೬. ಅಕ್ಕನ ಮನೆ

ನಿನ್ನೆ ಬಂದವನು ಇಲ್ಲೇ ಉಳಿದೆ. ಹೇಮಶ್ರೀಗೆ ನರ್ಸಿಂಗ್ ಸೀಟು ಸಿಕ್ಕಿದೆ. ನಾಳೆ ಫೀಸು ಕಟ್ಟಬೇಕು. ಊಟಕ್ಕೆ ಬಡಿಸುತ್ತ ಅಕ್ಕ ಅಂದಳು: "ಹದಿನೆಂಟು ಹೋದ್ರೂ ಮಿಕ್ಕಿದ್ದು ಇದ್ಯಲ್ಲ. ಬೆಳಗ್ಗೆ ಬ್ಯಾಂಕಿಗೆ ಜೊತೆಗೆ ಹೋಗ್ಬರೋಣ ಕಣೋ." ಹ್ಞೂಂ ಅಂದೆ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಎಂಥ ಮನುಷ್ಯ ನಾನು.

ಸಹಿ ಹಾಕಿಸಿಕೊಂಡಾಗ ಫಾರಮಿನಲ್ಲಿ ಮೊತ್ತದ ಜಾಗ ಖಾಲಿ ಇತ್ತು. ಅವಳು ನೋಡಲೂ ಇಲ್ಲ. ತಮ್ಮ ಅಲ್ಲವೇ.

ಅಕ್ಕನಿಗೆ ಎಚ್ಚರವಾಯಿತು. ಒಂದು ಮಂಡಿ. ಇನ್ನೊಂದು. ಬಾಯಲ್ಲೇ ಎಣಿಸುತ್ತಾಳೆ. ಮಗ್ಗುಲಾದಳು, ಕೈ ಊರಿದಳು, ಎದ್ದಳು. ಗೋಡೆ ಹಿಡಿಯಲಿಲ್ಲ. ನನ್ನ ಕಡೆ ನೋಡಿ, ಶಾಲೆಯಲ್ಲಿ ಪಾಸಾದ ಹುಡುಗಿಯ ಹಾಗೆ ನಕ್ಕಳು.

"ಏನೋ ಅದು, ಬೆಳಬೆಳಗ್ಗೆ ಬರೀತಿದೀಯ?"

"ನಿಂಗೆ ಹೇಳೋದು ಒಂದಿದೆ ಅಕ್ಕ. ಬಾಯಲ್ಲಿ ಬರಲ್ಲ. ಬರ್ಕೊಂಡು ಓದ್ತೀನಿ."

"ಓದು ಮತ್ತೆ." ಮಂಚದ ಅಂಚಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಕಾಯುತ್ತಿದ್ದಾಳೆ.

ಅಕ್ಕ, ಹಾಸಿಗೆಗೆ ಹದಿನೆಂಟು ಸಾವಿರ ಅಲ್ಲ. ತೊಂಬತ್ತೆರಡು ಸಾವಿರದ ನಾನೂರು. ಭಾವನ ದುಡ್ಡು ಅಷ್ಟೂ —