ವಾಲಿದ ಮನೆಯವನ ಮೇಲ್ಮನವಿ

ಗೃಹ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಕಚೇರಿಯ ಟಪಾಲು ಕೌಂಟರಿನಲ್ಲಿ ದಾರ ಕಟ್ಟಿ ಇಟ್ಟಿದ್ದ ನೀಲಿ ಪೆನ್ನನ್ನು ಕದ್ದವನು ನಾನೇ. ದಾರ ಸಮೇತ. ರುಜು ಹಾಕಿ ಮರೆವಿನಲ್ಲಿ ಜೇಬಿಗಿಳಿಸಿದೆ. ಹೊರಡುವಾಗ ದಾರ ಎಳೆಯಿತು, ನಾನೂ ಎಳೆದೆ, ನಾನು ಗೆದ್ದೆ. ನಿಮ್ಮ ಮಂಡಳಿಯ ವಿರುದ್ಧ ನಾನು ಈವರೆಗೆ ಗೆದ್ದಿರುವುದು ಅದೊಂದೇ.

ಏಕೆಂದರೆ ಕಳೆದ ತಿಂಗಳು ನನ್ನ ದಾವೆ ವಜಾ ಆಯಿತು. ನೀವು ಕಟ್ಟಿಕೊಟ್ಟ ಮೂರನೇ ಮಹಡಿಯ ಮನೆ ಬಾಲ್ಕನಿಯ ಕಡೆಗೆ ವಾಲುತ್ತಿದೆ, ಸರಿಪಡಿಸಿಕೊಡಿ ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು. ವಾಲಿದೆಯೋ ಇಲ್ಲವೋ ಎಂಬ ಮಾತಿಗೇ ಯಾರೂ ಬರಲಿಲ್ಲ. ದಾವೆ ಹೂಡುವ ಮುನ್ನ ಮಂಡಳಿಗೆ ನೋಟಿಸು ಕೊಡಬೇಕಂತೆ. ಅಂಥ ನೋಟಿಸು ಬಂದೇ ಇಲ್ಲವೆಂದು ನಿಮ್ಮ ವಕೀಲರು ನೆಟ್ಟಗೆ ನಿಂತು ಹೇಳಿದರು. ನೆಟ್ಟಗೆ ನಿಲ್ಲದೆ ಏನು? ನ್ಯಾಯಾಲಯದ ನೆಲ ನಿಮ್ಮ ಮಂಡಳಿ ಹಾಕಿದ್ದಲ್ಲವಲ್ಲ!

ಬಂದಿಲ್ಲವೇ? ಹಾಗಾದರೆ ಪೆನ್ನು ತಾನಾಗಿ ನಡೆದುಕೊಂಡು ನನ್ನ ಜೇಬಿಗೆ ಬಂತೇ? ಅದೇ ದಿನ, ಅದೇ ಕೌಂಟರಿನಲ್ಲಿ ನಾನೇ ಖುದ್ದಾಗಿ ಕೊಟ್ಟ ನೋಟಿಸಿಗೆ ನಿಮ್ಮ ಗುಮಾಸ್ತರು ಮುದ್ರೆ ಒತ್ತುತ್ತಾ, "ಮನೆ ವಾಲಿದೆ ಅಂತೀರಲ್ಲ ಸಾರ್, ನೀವೇ ಸ್ವಲ್ಪ ಸೊಟ್ಟಗೆ ನಿಲ್ತೀರೇನೋ?" ಎಂದು ನಕ್ಕಿದ್ದರು.

"ಹೂಂ ಸ್ವಾಮಿ, ಎಂಟು ವರ್ಷ ನಿಮ್ಮ ನೆಲದ ಮೇಲೆ ನಿಂತು ರೂಢಿಯಾಗಿದೆ," ಎಂದಿದ್ದೆ.

ಆ ಮುದ್ರೆ ಬಿದ್ದ ಪ್ರತಿ ನನ್ನಲ್ಲಿ ಭದ್ರವಾಗಿದೆ. ಕಚೇರಿಯೊಂದು ತನ್ನ ಮುದ್ರೆಯನ್ನೇ ಅಲ್ಲಗಳೆಯಲಾರದು ಎಂಬ ಭ್ರಮೆಯಿಂದ ಕೆಳಗಿನ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸಲಿಲ್ಲ. ಈಗ ಮೇಲಿನ ನ್ಯಾಯಾಲಯದಲ್ಲಿ ಹಾಜರುಪಡಿಸುತ್ತೇನೆ. ಇಪ್ಪತ್ತಾರು ವರ್ಷ ಕಾಲೇಜಿನ ಗ್ರಂಥಾಲಯ ಕಾದವನು ನಾನು. ನನ್ನ ಕೈಯಿಂದ ಒಂದು ಹಾಳೆಯೂ ಕಳೆದದ್ದಿಲ್ಲ. ಮನೆ ಕೆಳಕ್ಕೆ ಹೊರಟವನಿಗೆ ಮೇಲ್ಮನವಿಯೊಂದೇ ಮೇಲಕ್ಕಿರುವ ದಾರಿ.

ತಮಾಷೆ ಸಾಕು. ಅಮ್ಮನಿಗೆ ಎಂಬತ್ತೊಂದು; ಗಾಲಿಕುರ್ಚಿಯಲ್ಲೇ ಇರುತ್ತಾಳೆ. ಕುರ್ಚಿ ಜಾರದಂತೆ ಚಕ್ರಕ್ಕೆ ಇಟ್ಟಿಗೆ ಕೊಟ್ಟಿರುತ್ತೇವೆ. ಕಳೆದ ವಾರ ನೆಲ ಒರೆಸಲೆಂದು ನನ್ನಾಕೆ ಇಟ್ಟಿಗೆ ಸರಿಸಿ, ಬಟ್ಟೆ ಹಿಂಡಲು ತಿರುಗಿದಳು, ಅಷ್ಟೆ. ಅಮ್ಮ ಹೊರಟೇಬಿಟ್ಟಳು! ಬಾಲ್ಕನಿಯ ಕಂಬಿಗೆ ಬಡಿದು ಕುರ್ಚಿ ನಿಂತಿತು. ಆ ಕಂಬಿಯೂ ನಿಮ್ಮದೇ, ಅಲ್ಲಾಡುತ್ತದೆ.

"ಏನೋ, ನನ್ನನ್ನ ಬೇಗ ಕಳಿಸೋಕೆ ನಿನಗೂ ಮಂಡಳಿಗೂ ಒಪ್ಪಂದ ಆಗಿದೆಯೇನೋ?" ಎಂದು ಅಮ್ಮ ನಕ್ಕಳು. ಸಂಜೆಯವರೆಗೂ ಇಟ್ಟಿಗೆ ಮುಟ್ಟಲು ಮಾತ್ರ ಯಾರನ್ನೂ ಬಿಡಲಿಲ್ಲ. ನೋಟಿಸು ಬಂದಿಲ್ಲವೆಂದು ನ್ಯಾಯಾಧೀಶರಿಗೆ ಹೇಳಿದಿರಿ. ನೆಲ ವಾಲಿಲ್ಲವೆಂದು ಆ ಕುರ್ಚಿಗೆ ಹೇಳಿ, ನೋಡೋಣ.

ನನ್ನ ಆಗ್ರಹ ಇಷ್ಟು: ಮೇಲ್ಮನವಿಯ ಮೊದಲ ದಿನವೇ ನೋಟಿಸು ಬಂದಿತ್ತೆಂದು ಒಪ್ಪಿಕೊಳ್ಳಿ, ಎಂಜಿನಿಯರನ್ನು ಕಳಿಸಿ. ಇಲ್ಲವೇ ತಾವೇ ಬಂದು ಇಟ್ಟಿಗೆಯಿಲ್ಲದ ಆ ಕುರ್ಚಿಯಲ್ಲಿ ಐದು ನಿಮಿಷ ಕೂತು ತೋರಿಸಿ. ನಾನು ಬಗ್ಗುವವನಲ್ಲ, ಬಗ್ಗಿರುವುದು ಮನೆ ಮಾತ್ರ.

ಇಷ್ಟು ಬರೆದು ಮೀಸೆ ತಿರುವುತ್ತಿದ್ದಾಗ ನನ್ನಾಕೆ ಹೆಗಲ ಮೇಲಿಂದ ಇಣುಕಿ ಓದಿದಳು. "ಭದ್ರವಾಗಿದೆಯಾ? ಹೋದ ವರ್ಷವೆಲ್ಲ ಬೀರು ಜಾಲಾಡಿದ್ರಲ್ಲ! ರೀ, ಈ ಮೇಜಿನ ಕಾಲಡಿ ನೋಡಿ. ಅಲ್ಲಾಡುತ್ತೆ ಅಂತ ನೀವೇ ನಾಲ್ಕು ಮಡಿಕೆ ಮಾಡಿ ತುರುಕಿದ ಕಾಗದ ಅದೇ ಅಲ್ವಾ?"

ಅದೇ. ದಿನವೂ ನೆಲ ಒರೆಸಿದ ನೀರು ಕುಡಿದು ನಿಮ್ಮ ಮುದ್ರೆ ನೀಲಿ ಕಲೆಯಾಗಿದೆ. ಅದರ ಮೇಲೆ ಮೇಜಿನ ಕಾಲಿನ ಮುದ್ರೆ ಮಾತ್ರ ಸ್ಪಷ್ಟವಾಗಿದೆ. ಆದಕಾರಣ, ನಿಮ್ಮ ಕಚೇರಿಯ ಪೆನ್ನು ಕಳುವಾದ ದಿನಾಂಕವನ್ನು ಯಾರಾದರೂ ಬರೆದಿಟ್ಟಿದ್ದರೆ, ಅದರ ದೃಢೀಕೃತ ಪ್ರತಿಯೊಂದನ್ನು ದಯವಿಟ್ಟು ಕಳಿಸಿಕೊಡಿ.

ಇಂತಿ,
ಅಲ್ಲಾಡುವ ಮೇಜಿನಿಂದ, ನಿಮ್ಮದೇ ಪೆನ್ನಿನಲ್ಲಿ,
ಮೂರನೇ ಮಹಡಿಯ ಮಾಜಿ ಗ್ರಂಥಪಾಲಕ